7 ಎಂಎಂ ಬಿಟ್ ಹಾಕಿದರೆ 7.3 ಎಂಎಂ ತೂತು ಯಾಕೆ? ಲೇತ್ ಮೇಲೆ ಮರ ಕೊರೆಯುವವರಿಗೆ ದೋಷ ನಿವಾರಣೆ ಕೈಪಿಡಿ

ಸ್ನೇಹಿತರೊಬ್ಬರ ನಿವೃತ್ತಿಗೆ ಹನ್ನೆರಡು ಪೆನ್ನು ಕಡೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಮರ ತೇಗ. ಒಳಗೆ ಕೂರಬೇಕಾದ್ದು 7 ಎಂಎಂ ಹಿತ್ತಾಳೆ ಕೊಳವೆ. ಸರಿ, ಲೇತ್‌ನಲ್ಲಿ ಮರವನ್ನು ತಿರುಗಲು ಬಿಟ್ಟು, ಎದುರಿನಿಂದ ತಿರುಗದ 7 ಎಂಎಂ ಬಿಟ್ ಒತ್ತಿ ಕೊರೆದೆ. ಕೊಳವೆ ತೂರಿಸಿ ಅಲ್ಲಾಡಿಸಿದರೆ ಗಿಲಕಿ ಹಾಗೆ ಸದ್ದು. ಬಿಟ್ ಕೆಟ್ಟಿದೆ ಅಂದುಕೊಂಡು ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಿ ಹೊಸದು ತಂದೆ. ಅದೇ ಸದ್ದು. ಮಾರನೆ ವಾರ 6.9 ತಂದೆ, ಆಮೇಲೆ 6.8. ಆ 6.8ರಲ್ಲಿ ಒಂದು ವಿಚಿತ್ರ ಆಯಿತು. ತೂತಿನ ಬಾಯಲ್ಲಿ ಕೊಳವೆ ಇನ್ನೂ ಸಡಿಲವೇ, ಆದರೆ ಎರಡು ಸೆಂಟಿಮೀಟರ್ ಒಳಗೆ ಹೋದದ್ದೇ ಸಿಕ್ಕಿಕೊಂಡು ನಿಂತಿತು. ಹಿಂದಕ್ಕೂ ಬರಲಿಲ್ಲ.

ನಮ್ಮ ವಿಜಯನಗರದ ಬೀದಿಯ ಕೊನೆಯಲ್ಲಿ ಬಾಗಿಲು-ಕಿಟಕಿ ಮಾಡುವ ಆಚಾರ್ರು ಒಬ್ಬರಿದ್ದಾರೆ. ಆ ತುಂಡು ತೋರಿಸಿದೆ. ಬೆಳಕಿಗೆ ಹಿಡಿದು ತೂತಿನೊಳಗೆ ಒಂದು ಕಣ್ಣು ಹಾಕಿ, "ಸಾರ್, ಬಿಟ್ ವಿಷ್ಯ ಬಿಡಿ. ಎರಡು ಮೊನೆ ಸೇರ್ಸಿ ನೋಡಿದ್ರಾ?" ಅಂದರು. ನೋಡಿರಲಿಲ್ಲ. ಮನೆಗೆ ಬಂದು ಮರ ತಿರುಗಿಸುವ ಹೆಡ್‌ಸ್ಟಾಕ್‌ಗೊಂದು ಮೊನೆ, ಎದುರು ಬದಿಯಲ್ಲಿ ಬಿಟ್ ಹಿಡಿಯುವ ಟೈಲ್‌ಸ್ಟಾಕ್‌ಗೊಂದು ಮೊನೆ ಹಾಕಿ ಹತ್ತಿರ ತಂದೆ. ಒಂದಕ್ಕೊಂದು ಮುಟ್ಟುವ ಬದಲು ಪಕ್ಕಪಕ್ಕದಲ್ಲಿ ದಾಟಿಹೋದವು, ಸುಮಾರು ಕಾಲು ಎಂಎಂ ಅಂತರದಲ್ಲಿ. ನನ್ನದು ತಲೆಯನ್ನು (ಹೆಡ್‌ಸ್ಟಾಕ್) ಪಕ್ಕಕ್ಕೆ ತಿರುಗಿಸಬಹುದಾದ ಚಿಕ್ಕ ಲೇತ್. ಹಿಂದಿನ ತಿಂಗಳು ತಟ್ಟೆ ಕಡೆಯಲೆಂದು ತಲೆ ತಿರುಗಿಸಿದ್ದೆ. ವಾಪಸ್ ಕೂರಿಸುವಾಗ ತಲೆಯನ್ನು ನೇರಕ್ಕೆ ಹಿಡಿಯುವ ಪಿನ್ನಿನ ಗುಳಿಯಲ್ಲಿ ಮರದ ಹೊಟ್ಟು ತುಂಬಿಕೊಂಡು ಪಿನ್ ಪೂರ್ತಿ ಇಳಿದಿರಲಿಲ್ಲ. ಬ್ರಷ್‌ನಲ್ಲಿ ಗುಡಿಸಿದ್ದಕ್ಕೆ ಮೂರು ಬಿಟ್‌ಗಳ ಕೆಲಸ ಮುಗಿಯಿತು.

ಅಂದಿನಿಂದ ಯಾರಾದರೂ "ಈ ಕೆಲಸಕ್ಕೆ ಯಾವ ಸೈಜ್ ಬಿಟ್ ತಗೊಳ್ಳಲಿ?" ಎಂದು ಕೇಳಿದರೆ ನಾನು ತಿರುಗಿಸಿ ಕೇಳುವುದು, ಈಗಿರುವ ಬಿಟ್ ಎಷ್ಟು ದೊಡ್ಡ ತೂತು ಕೊರೆಯುತ್ತಿದೆ ಗೊತ್ತಾ ಅಂತ. ಬಿಟ್ ಮೇಲಿನ ನಂಬರು ಒಂದು, ಮರದಲ್ಲಿ ಬೀಳುವ ತೂತು ಇನ್ನೊಂದು. ನಡುವೆ ಮೊನೆಯ ಸಾಣೆ, ಲೇತ್‌ನ ನೇರ, ಮರದ ತೇವ ಮೂರೂ ಕೈಯಾಡಿಸುತ್ತವೆ. ಇವುಗಳಲ್ಲಿ ಯಾವುದು ಕೈಕೊಟ್ಟಿದೆ ಎಂದು ಕಂಡುಹಿಡಿಯುವ ದಾರಿ ಇಲ್ಲಿದೆ.

ಅಳೆಯುವುದರಿಂದಲೇ ಶುರುಮಾಡಿ

ಮೊದಲು ಒಳಗೆ ಕೂರಬೇಕಾದ ವಸ್ತುವನ್ನು ಅಳೆಯಿರಿ. ಕೊಳವೆ ಆಗಲಿ, ಕೈಯಲ್ಲಿ ತಿರುಗಿಸುವ ಮೆಣಸಿನ ಗಿರಣಿಯ (ಪೆಪ್ಪರ್ ಮಿಲ್) ಯಂತ್ರ ಆಗಲಿ, ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ. 7 ಎಂಎಂ ಎಂದು ಮಾರುವ ಕೊಳವೆಗಳಲ್ಲಿ 6.9 ಇರುವುದೂ ಉಂಟು, 7.05 ಇರುವುದೂ ಉಂಟು. ಒಂದೇ ಪೊಟ್ಟಣದ ಐದಾರು ಕೊಳವೆ ಅಳೆದು, ಅತಿ ದಪ್ಪದ್ದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಕತ್ತರಿಸಿದ ತುದಿಯಲ್ಲಿ ಚೂರುಪಾರು ಲೋಹ ಹೊರಗೆ ಮಡಚಿಕೊಂಡಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ಆಮೇಲೆ ಅಳೆಯಿರಿ.

ಬಿಟ್ ಅಳೆಯುವಾಗ ಹಿಡಿಯ ಕಡೆಯ ನಯವಾದ ಭಾಗ ಅಳೆದು ಸುಮ್ಮನಾಗುವವರೇ ಹೆಚ್ಚು. ಮರ ಕೊರೆಯುವುದು ಮೊನೆಯ ಕಡೆ. ವರ್ನಿಯರ್‌ನ (ಜಾರುವ ದವಡೆಯ ಅಳತೆಗೋಲು) ದವಡೆಗಳನ್ನು ಮೊನೆಯ ಹತ್ತಿರ, ಸುರುಳಿಯ ಎರಡು ಉಬ್ಬುಗಳ ಮೇಲೆ ಕೂರಿಸಿ. ಹಿಡಿಯ ಭಾಗ ಸ್ವಲ್ಪ ಸಣ್ಣದಿರುವುದು ಮಾಮೂಲು.

ತೂತು ಅಳೆಯುವುದರಲ್ಲಿ ಒಂದು ಮೋಸವಿದೆ. ಇದು ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ವರ್ನಿಯರ್‌ನ ಒಳದವಡೆಗಳ ತುದಿ ಚೂರಿಯಷ್ಟು ಚೂಪಾಗಿರುವುದಿಲ್ಲ, ಸಣ್ಣದೊಂದು ಚಪ್ಪಟೆ ಅಂಚು ಇರುತ್ತದೆ. ದೊಡ್ಡ ತೂತಿನಲ್ಲಿ ಅದು ಲೆಕ್ಕಕ್ಕಿಲ್ಲ. 7 ಎಂಎಂನಂಥ ಸಣ್ಣ ತೂತಿನಲ್ಲಿ ಆ ಚಪ್ಪಟೆ ಅಂಚು ಗೋಡೆಯ ಬಾಗಿಗೆ ಪೂರ್ತಿ ತಾಗುವುದಿಲ್ಲ, ಹಾಗಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದೂ ಅಲ್ಲದೆ ಅದು ಅಳೆಯುವುದು ಬಾಯಿಯನ್ನು ಮಾತ್ರ. ಒಳಗಿನ ಸ್ಥಿತಿ ಅದಕ್ಕೆ ಕಾಣದು.

ಹಾಗಾಗಿ ನಾನು ಬಳಸುವುದು ಬಿಟ್‌ಗಳ ಹಿಡಿಯನ್ನೇ. ಟ್ವಿಸ್ಟ್ ಬಿಟ್‌ಗಳು (ಸುರುಳಿ ಕಾಲುವೆಯ ಸಾದಾ ಬಿಟ್) ಟೂಲ್ಸ್ ಅಂಗಡಿಗಳಲ್ಲಿ 0.1 ಎಂಎಂ ಹೆಚ್ಚಳದಲ್ಲಿ ಸಿಗುತ್ತವೆ. ನಾಲ್ಕೈದು ಬಿಟ್‌ಗಳ ಹಿಡಿ ಅಳೆದು, ನಿಜವಾದ ಅಳತೆಯನ್ನು ಕಾಗದದ ಚೀಟಿಯಲ್ಲಿ ಬರೆದು ಅಂಟಿಸಿಟ್ಟಿದ್ದೇನೆ. ತೂತಿಗೆ ಹಿಡಿಯ ಕಡೆಯಿಂದ ಒಂದೊಂದೇ ತೂರಿಸಿದರೆ ಯಾವುದು ಸಲೀಸಾಗಿ ಹೋಗುತ್ತದೆ, ಯಾವುದು ಬಾಯಲ್ಲಿ ಹೋಗಿ ಒಳಗೆ ನಿಲ್ಲುತ್ತದೆ, ಯಾವುದು ಹೋಗುವುದೇ ಇಲ್ಲ ಎಂದು ಕೈಗೇ ತಿಳಿಯುತ್ತದೆ. ನನ್ನ ತೇಗದ ತುಂಡಿನಲ್ಲಿ 7.3ರ ಹಿಡಿ ಬಾಯಲ್ಲಿ ಇಳಿಯಿತು, ಒಂದು ಬೆರಳಗಲ ಒಳಗೆ ನಿಂತಿತು. 7.0 ಮಾತ್ರ ಕೊನೆಯವರೆಗೆ ಹೋಯಿತು. ಅಂದರೆ ತೂತು ಕಹಳೆಯ ಬಾಯಿಯ ಆಕಾರ. ಈ ಪರೀಕ್ಷೆ ಮೊದಲೇ ಮಾಡಿದ್ದರೆ 6.8ರ ಬಿಟ್ ತರಲು ಕೆ.ಆರ್. ಮಾರ್ಕೆಟ್ ಕಡೆಯ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕಿರಲಿಲ್ಲ.

ಅಂಗಡಿಯಲ್ಲಿ ಸೂತು, ಕೈಯಲ್ಲಿ ಎಂಎಂ

ಇನ್ನೊಂದು ಗೊಂದಲ ಲೇತ್‌ವರೆಗೂ ಬರುವುದಿಲ್ಲ, ಅಂಗಡಿಯ ಕೌಂಟರಿನಲ್ಲೇ ಹುಟ್ಟುತ್ತದೆ. ನಮ್ಮ ಬಡಗಿಗಳ ಲೆಕ್ಕ ಇವತ್ತಿಗೂ ಸೂತಿನಲ್ಲಿ. ಇಂಚಿಗೆ ಎಂಟು ಸೂತು. ಒಂದು ಸೂತು ಅಂದರೆ 3.175 ಎಂಎಂ. "ಎರಡು ಸೂತು ಬಿಟ್ ಕೊಡಿ" ಅಂದರೆ ಕಾಲಿಂಚು, ಅಂದರೆ 6.35. ಅದನ್ನು 6 ಎಂಎಂ ಬಿರಟೆಗೆ (ಮರದ ಕೀಲು) ಬಳಸಿದರೆ ಸಡಿಲ, 6.5 ಎಂಎಂ ಸರಳಿಗೆ ಬಳಸಿದರೆ ಬಿಗಿ. ಎರಡೂವರೆ ಸೂತು 7.94, ಇದನ್ನು 8 ಎಂಎಂ ಜಾಗದಲ್ಲಿ ಬಳಸಿದರೆ ಮರಕ್ಕೆ ಹೆಚ್ಚೇನೂ ಗೊತ್ತಾಗದು. ಮೂರು ಸೂತು 9.525, ಇದನ್ನು 10 ಅಂದುಕೊಂಡರೆ ಮಾತ್ರ ಅರ್ಧ ಎಂಎಂ ಕಮ್ಮಿ. ನಾಲ್ಕು ಸೂತು 12.7, ಇದನ್ನು 12 ಅಂದುಕೊಂಡರೆ ಮುಕ್ಕಾಲು ಎಂಎಂ ಹತ್ತಿರ ಹೆಚ್ಚು. ಕೌಂಟರಿನವರು ಒಳ್ಳೆಯ ಮನಸ್ಸಿನಿಂದಲೇ "ಅದೂ ಇದೂ ಒಂದೇ ಸಾರ್" ಅನ್ನುತ್ತಾರೆ. ಗೋಡೆಗೆ ಪ್ಲಗ್ ಹಾಕುವವರಿಗೆ ಒಂದೇ ಇರಬಹುದು. ಕೊಳವೆ ಕೂರಿಸುವವರಿಗೆ ಒಂದೇ ಅಲ್ಲ.

ಪೆನ್ನಿನ ಕಿಟ್‌ಗಳಲ್ಲಿ ಕೆಲವು ಇಂಚಿನ ದೇಶದಿಂದ ಬಂದವು. ಅವುಗಳ ಕಾಗದದಲ್ಲಿ 27/64 ಎಂದು ಬರೆದಿದ್ದರೆ ಅದು 10.72 ಎಂಎಂ. ಅಷ್ಟೇ ಸೈಜ್ ಸಿಗದಿದ್ದರೆ 10.7 ತನ್ನಿ, 11 ಬೇಡ. 25/64 ಎಂದರೆ 9.92, ಅಲ್ಲಿ 10 ನಡೆಯುತ್ತದೆ. 9/32 ಎಂದರೆ 7.14. ಅದನ್ನು 7 ಎಂಎಂ ಕೊಳವೆಗೆ ಯಾರಾದರೂ ಕೊಟ್ಟರೆ ಸಡಿಲದ ದೂರು ಅಲ್ಲಿಂದಲೇ ಶುರು.

ಕೊಳವೆ ಸಡಿಲ ಇದ್ದರೆ

ಎಲ್ಲಿ ಸಡಿಲ ಎಂಬುದೇ ಮೊದಲ ಪ್ರಶ್ನೆ.

ಬಾಯಲ್ಲಿ ಮಾತ್ರ ಸಡಿಲ, ಒಳಗೆ ಸರಿ ಎಂದಾದರೆ ಬಿಟ್‌ನ ಸೈಜಿಗೆ ಕೈಹಾಕಬೇಡಿ. ಅಲ್ಲಿ ಎರಡೇ ಸಂಶಯ. ಒಂದು, ನನ್ನ ಕತೆಯ ಹಾಗೆ ಎರಡು ಮೊನೆ ಒಂದೇ ಗೆರೆಯಲ್ಲಿಲ್ಲ. ಬಿಟ್ ಒಂದು ಕಡೆ ವಾಲಿ ಮರಕ್ಕೆ ತಾಗುತ್ತದೆ, ಮೊದಲ ಒಂದೆರಡು ಸೆಂಟಿಮೀಟರ್ ಅಗಲವಾಗಿ ಕೆರೆಯುತ್ತದೆ, ಆಮೇಲೆ ತೂತಿನ ಗೋಡೆಯೇ ಅದನ್ನು ಹಿಡಿದು ನಡುವಿಗೆ ತರುತ್ತದೆ. ಟೈಲ್‌ಸ್ಟಾಕ್ ಬಿಚ್ಚಿ ಅದರ ತಳವನ್ನೂ ಅದು ಕೂರುವ ಹಳಿಯನ್ನೂ ಒರೆಸಿ ನೋಡಿ. ತಳದಡಿ ಒಂದು ಸಿಪ್ಪೆ ಸಿಕ್ಕಿಕೊಂಡರೂ ಮೊನೆ ಮೇಲೇಳುತ್ತದೆ. ಬಿಟ್ ಹಿಡಿಯುವ ಚಕ್‌ನ ಟೇಪರ್ (ತುದಿಗೆ ಸಪೂರವಾಗುವ ಬಾಲ) ಕೂರುವ ಗೂಡನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ. ಬೆರಳು ಹಾಕುವುದಾದರೆ ಲೇತ್‌ನ ಪ್ಲಗ್ ಕಿತ್ತಿಟ್ಟೇ ಹಾಕಿ.

ಎರಡನೆಯದು, ಬಿಟ್‌ಗೆ ಕೂರಲು ಗುಳಿ ಮಾಡಿಕೊಡದಿರುವುದು. ಸಾಮಾನ್ಯ ಟ್ವಿಸ್ಟ್ ಬಿಟ್‌ನ ಮೊನೆ ಸೂಜಿಯಂತಲ್ಲ, ಸಣ್ಣ ಉಳಿಯಂತೆ ಅಡ್ಡ ಅಂಚು ಇರುತ್ತದೆ. ತಿರುಗುವ ಮರದ ಮೇಲೆ ಅದು ಮೊದಲು ಜಾರುತ್ತದೆ, ಅಲೆಯುತ್ತದೆ, ಆಮೇಲೆ ಇಳಿಯುತ್ತದೆ. ಆ ಅಲೆದಾಟವೇ ಬಾಯಿ ಅಗಲವಾಗಲು ಕಾರಣ. ತುಂಡಿನ ತುದಿಯನ್ನು ಉಳಿಯಿಂದ ಚೊಕ್ಕಟವಾಗಿ ಚಪ್ಪಟೆ ಮಾಡಿ, ಓರೆ ಅಂಚಿನ ಸ್ಕ್ಯೂ ಉಳಿಯ ಉದ್ದ ಮೊನೆಯಿಂದ ನಟ್ಟನಡುವೆ ಗೋಪುರ ತಲೆಕೆಳಗಾದಂಥ ಒಂದು ಗುಳಿ ಕೆತ್ತಿ. ಸೆಂಟರ್ ಡ್ರಿಲ್ ಇದ್ದರೆ ಇನ್ನೂ ಚೆನ್ನ. ಅದು ಗಿಡ್ಡಗೆ, ದಪ್ಪಗೆ ಇರುವುದರಿಂದ ಬಾಗುವುದಿಲ್ಲ.

ಉದ್ದಕ್ಕೂ ಒಂದೇ ಸಮನೆ ಸಡಿಲ ಎಂದಾದರೆ ಬಿಟ್‌ನ ಮೊನೆ ನೋಡಿ. ಮೊನೆಯಲ್ಲಿ ಎರಡು ಕೊರೆಯುವ ಅಂಚುಗಳಿವೆ. ಎರಡೂ ಒಂದೇ ಉದ್ದ, ಒಂದೇ ಓರೆ ಇರಬೇಕು. ಕೈಯಲ್ಲಿ ಸಾಣೆ ಹಿಡಿದ ಬಿಟ್‌ಗಳಲ್ಲಿ ಒಂದು ಅಂಚು ಉದ್ದವಾಗಿ ಮೊನೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ತೂತಿನ ನಡು ಆಗುವುದು ಬಿಟ್‌ನ ಮೊನೆ. ಮೊನೆ ನಡುವಿನಿಂದ 0.1 ಎಂಎಂ ಸರಿದಿದ್ದರೆ ತೂತು ಸುಮಾರು 0.2 ಎಂಎಂ ದೊಡ್ಡದಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪಿಗೆ ಕೊಳವೆ ಗಿಲಕಿಯಾಗುತ್ತದೆ.

ಇದನ್ನು ಪತ್ತೆ ಮಾಡಲು ಕನ್ನಡಕ, ಭೂತಗನ್ನಡಿ ಎರಡೂ ಬೇಡ. ಸ್ವಲ್ಪ ಹಸಿಯಿರುವ ಮರದ ತುಂಡೊಂದನ್ನು ಲೇತ್‌ಗೆ ಕಟ್ಟಿ, ವೇಗ ತಗ್ಗಿಸಿ, ನಿಧಾನವಾಗಿ ಕೊರೆಯುತ್ತ ಸುರುಳಿಯ ಎರಡು ಕಾಲುವೆಗಳಿಂದ ಬರುವ ಸಿಪ್ಪೆ ನೋಡಿ. ಸರಿಯಿರುವ ಬಿಟ್‌ನಲ್ಲಿ ಎರಡು ಕಾಲುವೆಯಿಂದಲೂ ಹೆಚ್ಚೂಕಡಿಮೆ ಒಂದೇ ದಪ್ಪದ ಸಿಪ್ಪೆ ಬರುತ್ತದೆ. ಒಂದರಿಂದ ಸುರುಳಿ ಸುರುಳಿಯಾಗಿ, ಇನ್ನೊಂದರಿಂದ ಬರೀ ಪುಡಿ ಬರುತ್ತಿದ್ದರೆ ಕೆಲಸ ಮಾಡುತ್ತಿರುವುದು ಒಂದೇ ಅಂಚು. ನನ್ನ ಹಳೆಯ ಡಬ್ಬಿಯ ಹನ್ನೊಂದು ಬಿಟ್‌ಗಳಲ್ಲಿ ನಾಲ್ಕು ಹೀಗಿದ್ದವು. ನಾಲ್ಕಕ್ಕೂ ಸಾಣೆ ಹಿಡಿದವನು ನಾನೇ. ಪೀಣ್ಯದ ಕಡೆ ಯಂತ್ರದಲ್ಲಿ ಸಾಣೆ ಹಿಡಿದುಕೊಡುವವರಿದ್ದಾರೆ. ಆದರೆ ಒಂದು 7 ಎಂಎಂ ಬಿಟ್‌ಗಾಗಿ ಅಷ್ಟು ದೂರ ಹೋಗುವ ಪೆಟ್ರೋಲಿಗೆ ಹೊಸ ಬಿಟ್ಟೇ ಬರುತ್ತದೆ.

ಲೇತ್ ಬಿಟ್ಟು ಕೈಯ ಡ್ರಿಲ್ ಮೆಷಿನ್‌ನಲ್ಲಿ ಕೊರೆದಿದ್ದರೆ ಮೇಲಿನ ಯಾವ ಪರೀಕ್ಷೆಯೂ ಬೇಡ. ತೂತು ಸಡಿಲವೇ ಆಗುತ್ತದೆ. ಕೈ ಅಲ್ಲಾಡದಿರುವುದಿಲ್ಲ.

ಸಡಿಲವಾಗಿಹೋದ ತುಂಡನ್ನು ಬಿಸಾಡುವ ಮುಂಚೆ ಎಷ್ಟು ಸಡಿಲ ಎಂದು ನೋಡಿ. ವ್ಯಾಸದಲ್ಲಿ 0.1, 0.15 ಎಂಎಂ ಅಂತರ ದೋಷವೇ ಅಲ್ಲ, ಅಂಟಿಗೆ ಅಷ್ಟು ಜಾಗ ಬೇಕು. ಕೊಳವೆಯ ಹೊರಮೈಯನ್ನು ಉಪ್ಪುಕಾಗದದಲ್ಲಿ ಒರಟು ಮಾಡಿ, ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಹಚ್ಚಿ, ಕೊಳವೆಯನ್ನು ತಿರುಗಿಸುತ್ತ ತೂರಿಸಿ. ಸೂಪರ್ ಗ್ಲೂ ಅಂತರ ತುಂಬುವುದರಲ್ಲಿ ಹಿಂದೆ. ಅರ್ಧ ದಾರಿಯಲ್ಲಿ ಹಿಡಿದುಕೊಂಡುಬಿಟ್ಟರೆ ಕೊಳವೆ ಹೊರಗೂ ಬಾರದು, ಒಳಗೂ ಹೋಗದು. 0.3 ದಾಟಿದರೆ ಎಪಾಕ್ಸಿಯ ಮೇಲೆ ಭಾರ ಹಾಕಬೇಡಿ. ಅದೇ ತುಂಡಿಗೆ 8 ಎಂಎಂ ಕೊಳವೆಯ ಕಿಟ್ ಹುಡುಕುವುದು ಒಳ್ಳೆಯದು. ಕೊಳವೆಗೆ ಕಾಗದ ಸುತ್ತಿ ಕೂರಿಸುವವರನ್ನು ನೋಡಿದ್ದೇನೆ. ಕಡೆಯುವಾಗ ಗೋಡೆ ತೆಳುವಾಗುತ್ತ ಬಂದಂತೆ ಉಳಿ ತಗುಲಿದ ಕಡೆ ಟೊಳ್ಳು ಸದ್ದು ಬರುತ್ತದೆ, ಆಮೇಲೆ ಬಿರಿಯುತ್ತದೆ. ನನಗೆ ಅದು ಒಗ್ಗದು.

ಕೊಳವೆ ಒಳಗೇ ಹೋಗದಿದ್ದರೆ

ಇಲ್ಲಿ ಮೊದಲ ಆರೋಪಿ ಮೊಂಡು ಬಿಟ್. ಹರಿತವಾದ ಬಿಟ್ ನಾರನ್ನು ಕತ್ತರಿಸುತ್ತದೆ. ಮೊಂಡು ಬಿಟ್ ನಾರನ್ನು ಪಕ್ಕಕ್ಕೆ ಒತ್ತಿ ಮುಂದೆ ಹೋಗುತ್ತದೆ. ಬಿಟ್ ಹೊರಗೆ ಬಂದ ಮೇಲೆ ಒತ್ತಿದ ನಾರು ಹಿಂದಕ್ಕೆ ಉಬ್ಬುತ್ತದೆ, ತೂತು ಕಿರಿದಾಗುತ್ತದೆ. ಬೀಟೆಯಲ್ಲಿ, ಹುಣಸೆಯಲ್ಲಿ ಇದು ಎದ್ದು ಕಾಣುತ್ತದೆ. ಗುರುತು ಬೇಕೆಂದರೆ ಮೂಗೇ ಸಾಕು. ಸುಟ್ಟ ವಾಸನೆ, ತೆಳ್ಳನೆ ಹೊಗೆ, ತೂತಿನ ಬಾಯಲ್ಲಿ ಕಂದು ಉಂಗುರ, ಮೊನೆ ಮುಟ್ಟಿದರೆ ಚುರುಕ್.

ಬಿಟ್ ಹರಿತವೇ ಇದ್ದೂ ಹೊಗೆ ಬಂದರೆ, ಸಿಪ್ಪೆ ಹೊರಗೆ ಬರುತ್ತಿಲ್ಲ ಎಂದರ್ಥ. ಕಾಲುವೆ ತುಂಬಿಕೊಂಡ ಬಿಟ್ ಕೊರೆಯುವುದು ನಿಲ್ಲಿಸಿ ಉಜ್ಜಲು ಶುರುಮಾಡುತ್ತದೆ. ಹತ್ತು ಎಂಎಂ ಕೊರೆದು ಪೂರ್ತಿ ಹೊರಗೆಳೆಯಿರಿ, ಬ್ರಷ್‌ನಲ್ಲಿ ಕಾಲುವೆ ಗುಡಿಸಿ, ಮತ್ತೆ ಹತ್ತು ಎಂಎಂ. ಐದು ಸೆಂಟಿಮೀಟರ್ ಚಿಲ್ಲರೆ ಉದ್ದದ ಪೆನ್ನಿನ ತುಂಡಿಗೆ ನಾನು ಆರು ಸಲ ಹೊರಗೆಳೆಯುತ್ತೇನೆ. 7 ಎಂಎಂಗೆ ನಿಮಿಷಕ್ಕೆ ಸುಮಾರು 1500 ಸುತ್ತು ಸಾಕು, ಗಟ್ಟಿ ಮರಕ್ಕೆ ಇನ್ನೂ ತಗ್ಗಿಸಬಹುದು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಈ ಬಿಸಿಗೆ ಹದ ಕಳೆದುಕೊಳ್ಳುವುದಿಲ್ಲ. ಅಗ್ಗದ ಕಾರ್ಬನ್ ಸ್ಟೀಲ್ ಬಿಟ್ ನೀಲಿ ತಿರುಗಿದರೆ ಅದರ ಆಯಸ್ಸು ಮುಗಿಯಿತು.

ಹಲವು ಸಲ ಸಾಣೆ ಕಂಡ ಬಿಟ್ ಕೂಡ ಸಣ್ಣ ತೂತು ಕೊರೆಯುತ್ತದೆ. ಟ್ವಿಸ್ಟ್ ಬಿಟ್‌ಗಳು ಮೊನೆಯಿಂದ ಹಿಡಿಯ ಕಡೆಗೆ ಕೂದಲೆಳೆಯಷ್ಟು ಸಪೂರವಾಗುತ್ತ ಹೋಗುವಂತೆ ಮಾಡಿರುತ್ತಾರೆ, ತೂತಿನಲ್ಲಿ ಸಿಕ್ಕಿಕೊಳ್ಳದಿರಲಿ ಎಂದು. ಸಾಣೆ ಹಿಡಿದು ಹಿಡಿದು ಮೊನೆ ಹಿಂದೆ ಹೋದಂತೆಲ್ಲ ಅಳತೆಯೂ ಇಳಿಯುತ್ತದೆ.

ಏನೇ ಕಾರಣವಿರಲಿ, ಕೊಳವೆಯನ್ನು ಕೊಡತಿಯಲ್ಲಿ ಹೊಡೆದು ಇಳಿಸಬೇಡಿ. ಆ ಕ್ಷಣಕ್ಕೆ ಇಳಿಯುತ್ತದೆ. ಮರ ಒಳಗಿನಿಂದ ಹಿಗ್ಗಿ ಕೂತಿರುತ್ತದೆ, ಗೋಡೆ ಎರಡು ಎಂಎಂಗೆ ಬಂದಾಗ ನಾರಿನ ಉದ್ದಕ್ಕೂ ಸೀಳುತ್ತದೆ. ತುಂಡು ಪೂರ್ತಿ ತಣ್ಣಗಾಗಲು ಬಿಡಿ, ಅದೇ ಬಿಟ್ಟನ್ನು ನಿಧಾನ ವೇಗದಲ್ಲಿ ಇನ್ನೊಂದು ಸಲ ಓಡಿಸಿ. ಸಾಲದಿದ್ದರೆ ಊದುಬತ್ತಿಗಿಂತ ದಪ್ಪನೆಯ ಕಡ್ಡಿಗೆ ಉಪ್ಪುಕಾಗದ ಸುತ್ತಿ ಒಳಗೆ ನಾಲ್ಕು ಸಲ ಎಳೆದಾಡಿ. ಆಗಲೂ ಬಿಗಿ ಎಂದರೆ ಮಾತ್ರ 7.1 ಬಿಟ್.

ಕೊರೆದ ದಿನ ಸರಿ, ಹದಿನೈದು ದಿನಕ್ಕೆ ತಪ್ಪು

ಬೆಂಗಳೂರಿನಲ್ಲಿ ಈ ದೋಷಕ್ಕೆ ಒಂದು ಕಾಲವಿದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ರಸ್ತೆ ಬದಿಯ ಮಳೆಮರ, ಜಕರಂದಾ, ಗುಲ್‌ಮೊಹರ್ ಕೊಂಬೆಗಳು ಬೀಳುತ್ತವೆ. ಲೇತ್ ಇರುವವರ ಮನೆಗೆ ಯಾರೋ ಒಬ್ಬರು ತುಂಡು ತಂದುಕೊಡುತ್ತಾರೆ. ಜುಲೈನಲ್ಲಿ ಅದನ್ನು ಕೊರೆದು ಮೇಣದ ದೀಪದ ಸ್ಟ್ಯಾಂಡ್ ಮಾಡುತ್ತೇವೆ, ದೀಪದ ಬಟ್ಟಲು ಲಕ್ಷಣವಾಗಿ ಕೂರುತ್ತದೆ. ಫೆಬ್ರವರಿಯ ಒಣಹವೆ ಬಂದಾಗ ಅದೇ ಬಟ್ಟಲು ಹೊರಗೆ ತೆಗೆಯಲಾಗದಂತೆ ಸಿಕ್ಕಿಕೊಂಡಿರುತ್ತದೆ.

ಕಾರಣ ಸರಳ. ಹಸಿ ಮರದ ತೇವಾಂಶ ಸುಮಾರು 30 ಪ್ರತಿಶತಕ್ಕಿಂತ ಕೆಳಗಿಳಿದ ಮೇಲೆ ಮರ ಕುಗ್ಗಲು ಶುರುವಾಗುತ್ತದೆ. ಅದೂ ಎಲ್ಲ ದಿಕ್ಕಿಗೆ ಸಮನಾಗಿ ಅಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಯ ಸುಮಾರು ಎರಡರಷ್ಟು. ಹಾಗಾಗಿ ದುಂಡಗೆ ಕೊರೆದ ತೂತು ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ಬರುತ್ತದೆ. ಪತ್ತೆ ಹಚ್ಚುವುದು ಸುಲಭ: ತೂತನ್ನು ಒಂದು ಸಲ ಅಳೆದು, ತುಂಡನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಎರಡು ಅಳತೆ ಬೇರೆ ಬೇರೆ ಬಂದರೆ ಬಿಟ್ ನಿರಪರಾಧಿ.

ಹಸಿ ಮರ ಒಣಗಿತೇ ಎಂದು ತಿಳಿಯಲು ನಾನು ಬಳಸುವುದು ಅಡುಗೆಮನೆಯ ತೂಕದ ಯಂತ್ರ. ತುಂಡಿನ ಮೇಲೆ ತಾರೀಖು, ತೂಕ ಬರೆದು ವಾರಕ್ಕೊಮ್ಮೆ ತೂಗುತ್ತೇನೆ. ಮೂರು ವಾರ ತೂಕ ಇಳಿಯದಿದ್ದರೆ ಕೊರೆಯಬಹುದು. (ಮನೆಯವರು ಚಪಾತಿ ಹಿಟ್ಟು ತೂಗಲು ಹೋದಾಗ ಮೇಲೆ ಮರದ ಪುಡಿ ಇರಬಾರದು ಅಷ್ಟೆ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.) ಕಾಯಲಾಗದು ಎನ್ನುವವರು ಬೇಕಾದ್ದಕ್ಕಿಂತ ಎರಡು ಮೂರು ಎಂಎಂ ಸಣ್ಣ ತೂತು ಕೊರೆದಿಟ್ಟು, ಮರ ಒಣಗಿದ ಮೇಲೆ ಸರಿಯಾದ ಅಳತೆಗೆ ಬೋರಿಂಗ್ ಉಳಿಯಿಂದ ಕಡೆದುಕೊಳ್ಳಬಹುದು. ತೂತು ಇದ್ದರೆ ಒಳಗಿನಿಂದಲೂ ಒಣಗುತ್ತದೆ, ಬಿರುಕೂ ಕಡಿಮೆ.

ಬಿಳಿ ಅಂಟಿನ ಕೆಲಸದಲ್ಲೂ ಇದೇ ನೀರಿನಾಟ. 8 ಎಂಎಂ ಬಿರಟೆ 8 ಎಂಎಂ ತೂತಿನಲ್ಲಿ ಒಣಗಿದ್ದಾಗ ಬಿಗಿಯಾಗಿ ಹೋಗುತ್ತದೆ ಎಂದು ಖುಷಿಪಟ್ಟು ಫೆವಿಕಾಲ್ ಹಚ್ಚಿದರೆ, ಅಂಟಿನ ನೀರಿಗೆ ಬಿರಟೆ ಉಬ್ಬಿ ಅರ್ಧದಲ್ಲೇ ನಿಲ್ಲುತ್ತದೆ. ಒಣ ಬಿರಟೆ ಹೆಬ್ಬೆರಳಿನ ಒತ್ತಡಕ್ಕೇ ಇಳಿಯುವಷ್ಟು ಇರಲಿ. ಬಿರಟೆಯ ಮೈಮೇಲೆ ಉದ್ದಕ್ಕೆ ಒಂದು ಗೀರು ಕೆತ್ತಿ, ಗಾಳಿಯೂ ಹೆಚ್ಚಿನ ಅಂಟೂ ಅಲ್ಲಿಂದ ಹೊರಬರಲಿ.

ವಾರೆ ತೂತು, ಆಚೆ ಬದಿ ಸೀಳು

ಈ ಕಡೆ ನಡುವಿನಲ್ಲಿ ಶುರುವಾದ ತೂತು ಆ ಕಡೆ ಪಕ್ಕದಲ್ಲಿ ಹೊರಬಂದರೆ, ಬಿಟ್ ಉದ್ದವಾಗಿ ಬಾಗಿದೆ, ಇಲ್ಲವೇ ಮೆತ್ತನೆಯ ನಾರಿನ ದಾರಿ ಹಿಡಿದಿದೆ. ಗಿಡ್ಡ ಬಿಟ್‌ನಲ್ಲಿ ಮೊದಲ ಎರಡು ಸೆಂಟಿಮೀಟರ್ ಕೊರೆದು, ಆಮೇಲೆ ಅದೇ ಸೈಜಿನ ಉದ್ದ ಬಿಟ್ ಹಾಕಿ. ನಡುವೆ ಮೊಳೆಯಂಥ ಮೊನೆಯಿರುವ ಬ್ರಾಡ್ ಪಾಯಿಂಟ್ ಬಿಟ್ ಒಳ್ಳೆಯದಂತೆ ಎಂದು ಕೊಂಡವರು ಒಂದು ವಿಷಯ ಗಮನಿಸಬೇಕು. ಅದರ ಅಂಚಿನ ಎರಡು ಕೊಂಬುಗಳು ಇರುವುದು ಅಡ್ಡ ಮಲಗಿದ ನಾರನ್ನು ಕತ್ತರಿಸಲು. ಹಲಗೆಯ ಮುಖದಲ್ಲಿ ಅದಕ್ಕೆ ಸಮನಿಲ್ಲ. ಪೆನ್ನಿನ ತುಂಡಿನಲ್ಲಿ ನಾರು ತೂತಿನ ಉದ್ದಕ್ಕೇ ಹೋಗುತ್ತದೆ, ಕೊಂಬುಗಳಿಗೆ ಕತ್ತರಿಸಲು ಏನೂ ಸಿಗದು. ಅಲ್ಲಿ ಚೂಪಾದ ಸಾದಾ ಟ್ವಿಸ್ಟ್ ಬಿಟ್ ನನಗೆ ಸಾಕಾಗಿದೆ.

ಆಚೆ ಬದಿ ಸೀಳುವುದಕ್ಕೆ ಔಷಧ: ತುಂಡನ್ನು ಒಂದು ಸೆಂಟಿಮೀಟರ್ ಉದ್ದ ಇಟ್ಟುಕೊಂಡು, ಆಚೆ ಬದಿಗೆ ತೂರಿಬರುವಂತೆ ಕೊರೆಯದೆ, ಕೊನೆಯಲ್ಲಿ ತುದಿಯನ್ನು ಗರಗಸದಲ್ಲಿ ಕತ್ತರಿಸಿ. ತೂತು ತಾನಾಗಿ ತೆರೆದುಕೊಳ್ಳುತ್ತದೆ.

ದೊಡ್ಡ ತೂತು: ಯಾವುದು ಮೊದಲು?

ಮೆಣಸಿನ ಗಿರಣಿಯ ಮೈಗೆ ಸಾಮಾನ್ಯವಾಗಿ 27 ಎಂಎಂ ತೂತು ಬೇಕು (ಇಂಚಿನ ಕಾಗದದಲ್ಲಿ 1 1/16), ತಳದಲ್ಲಿ ಯಂತ್ರದ ಕಾಲರ್ ಕೂರಲು ಅದಕ್ಕಿಂತ ಅಗಲವಾದ ಇನ್ನೊಂದು ತಗ್ಗು. ನನ್ನ ಮೊದಲ ಗಿರಣಿಯಲ್ಲಿ ಬುದ್ಧಿವಂತಿಕೆ ಮಾಡಿ 27ನ್ನು ಮೊದಲು ಕೊರೆದೆ. ಆಮೇಲೆ ಅಗಲದ ಫೋರ್ಸ್ಟ್ನರ್ (ಚಪ್ಪಟೆ ತಳದ ದೊಡ್ಡ ತೂತು ಕೊರೆಯುವ ಬಿಟ್) ಹಾಕಿದರೆ ಅದರ ನಡುವಿನ ಮೊಳೆಗೆ ಕಚ್ಚಿಕೊಳ್ಳಲು ಮರವೇ ಇಲ್ಲ, ಅಲ್ಲಿ ಆಗಲೇ ತೂತಿದೆ. ಬಿಟ್ ಗಡಗಡ ನಡುಗಿ ಬಾಯಿಯ ಅಂಚನ್ನೆಲ್ಲ ಕಚ್ಚಿಹಾಕಿತು. ಫೋರ್ಸ್ಟ್ನರ್‌ನಲ್ಲಿ ದೊಡ್ಡದು ಮೊದಲು, ಸಣ್ಣದು ಆಮೇಲೆ. ದೊಡ್ಡದರ ಮೊಳೆ ಬಿಟ್ಟುಹೋದ ಗುಳಿಯಲ್ಲೇ ಸಣ್ಣದರ ಮೊಳೆ ಕೂರುತ್ತದೆ, ಎರಡು ತೂತೂ ಒಂದೇ ನಡುವಿಗೆ ಬರುತ್ತವೆ. ವೇಗ 500 ಸುತ್ತಿನ ಆಸುಪಾಸು, 40 ಎಂಎಂ ದಾಟಿದರೆ ಇನ್ನೂ ಕಡಿಮೆ. ಕೆಲವು ಚಿಕ್ಕ ಲೇತ್‌ಗಳಲ್ಲಿ 500ಕ್ಕಿಂತ ಇಳಿಯದು. ಅಂಥ ಕಡೆ ಒತ್ತುವುದು ನಿಧಾನ, ನಿಲ್ಲಿಸುವುದು ಹೆಚ್ಚು.

ಮೇಣದ ದೀಪದ ಬಟ್ಟಲಿಗೆ 40 ಎಂಎಂ ತೆಗೆದುಕೊಳ್ಳಿ. ಬಟ್ಟಲು 38ರ ಹತ್ತಿರ ಇರುತ್ತದೆ, ಬೆರಳ ತುದಿಯಲ್ಲಿ ಎತ್ತಲು ಜಾಗ ಬೇಕು. ಮರವನ್ನು ಲೇತ್‌ಗೆ ಹಿಡಿಸುವ ಲೋಹದ ತಟ್ಟೆ, ಅಂದರೆ ಫೇಸ್‌ಪ್ಲೇಟ್‌ಗೆ 8 ನಂಬರ್ ಸ್ಕ್ರೂ ಹಾಕುವಾಗ ಗಟ್ಟಿ ಮರಕ್ಕೆ 3 ಎಂಎಂ ಮುನ್ನತೂತು ಕೊರೆಯದೆ ಬಿಗಿದರೆ ತಲೆ ಮುರಿದು ಬರುತ್ತದೆ. ಇನ್ನು ಮಕ್ಕಳ ಗಾಡಿಯ ಚಕ್ರಕ್ಕೆ ಸಡಿಲವೇ ಸರಿ. 6 ಎಂಎಂ ಅಚ್ಚಿಗೆ 6.5 ತೂತು, ಅಥವಾ ನಮ್ಮ ಎರಡು ಸೂತಿನ ಬಿಟ್. ಮೈಸೂರು ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಆಚೆ ಚನ್ನಪಟ್ಟಣದಲ್ಲಿ ಆಲೆ ಮರದ ಚಕ್ರಕ್ಕೆ ಅರಗಿನ ಬಣ್ಣ ಕೊಡುವುದನ್ನು ನೋಡಿದ್ದರೆ ನಿಮಗೂ ಹಾಗೆ ಮಾಡುವ ಆಸೆ ಬರುತ್ತದೆ. ತೂತಿನೊಳಗೆ ಬಣ್ಣ, ಪಾಲಿಶ್ ಹೋದರೆ ಆ ಅರ್ಧ ಎಂಎಂ ಆಟವೂ ತಿಂದುಹೋಗುತ್ತದೆ. ಬಣ್ಣ ಒಣಗಿದ ಮೇಲೆ ಬಿಟ್ಟನ್ನು ಬೆರಳಲ್ಲಿ ಹಿಡಿದು ಒಂದು ಸಲ ತಿರುಗಿಸಿ ತೆಗೆಯಿರಿ.

ಬಿಟ್ ಕೊಳ್ಳುವ ಮುಂಚೆ

ಹೊಸ ಕೆಲಸ ಹಿಡಿದಾಗ ನಾನು ಈಗ ಮಾಡುವುದಿಷ್ಟು. ಅದೇ ಮರದ ಚೂರೊಂದಕ್ಕೆ, ಅದೇ ಲೇತ್‌ನಲ್ಲಿ, ಅದೇ ಬಿಟ್‌ನಿಂದ ತೂತು ಕೊರೆದು ಕೊಳವೆ ಹಾಕಿ ನೋಡುತ್ತೇನೆ. ಕೊರೆದ ತಕ್ಷಣ ಒಂದು ಸಲ, ತಣ್ಣಗಾದ ಮೇಲೆ ಒಂದು ಸಲ, ಮಾರನೆ ಬೆಳಿಗ್ಗೆ ಕಾಫಿ ಕುಡಿಯುತ್ತ ಒಂದು ಸಲ. ಮೂರರಲ್ಲೂ ಸರಿಯಿದ್ದರೆ ಚೂರಿನ ಮೇಲೆ ಮರದ ಹೆಸರು, ಬಿಟ್ ಸೈಜ್, ತಿಂಗಳು ಬರೆದು ದಾರ ಕಟ್ಟಿ ಗೋಡೆಗೆ ನೇತುಹಾಕುತ್ತೇನೆ. ಈಗ ಇಪ್ಪತ್ತಮೂರು ಚೂರುಗಳಿವೆ. ತೇಗ 7.0, ಹಲಸು 7.0, ಬೀಟೆ 7.1, ಹೀಗೆ. ಇವು ನನ್ನ ಲೇತ್‌ನ ನಂಬರುಗಳು, ನಿಮ್ಮದರಲ್ಲಿ ಬೇರೆ ಬರುತ್ತವೆ.

ಒಂದು ಮಾತು ಉಳಿಯಿತು. ಬಿಟ್ಟನ್ನು ತೂತಿನಿಂದ ಹೊರಗೆಳೆಯುವಾಗ ಟೈಲ್‌ಸ್ಟಾಕಿನ ಚಕ್ಕನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಳ್ಳಿ. ಟೇಪರ್ ಕೂತಿರುವುದು ಬರೀ ಒತ್ತಡದ ಮೇಲೆ. ಹೊರಗೆಳೆಯುವಾಗ ಬಿಟ್ ಮರಕ್ಕೆ ಕಚ್ಚಿಕೊಂಡರೆ ಟೇಪರ್ ಗೂಡಿನಿಂದ ಕಳಚಿ, ಚಕ್ಕು ಮರದ ಜೊತೆ ಗಿರ್ರನೆ ಸುತ್ತಲು ಶುರುಮಾಡುತ್ತದೆ. ಹಾಗೇನಾದರೂ ಆದರೆ ಹಿಡಿಯಲು ಹೋಗಬೇಡಿ, ಸ್ವಿಚ್ ಆರಿಸಿ ದೂರ ನಿಲ್ಲಿ. ಕಚ್ಚಿಕೊಂಡ ಬಿಟ್ಟನ್ನು ಬಿಡಿಸಲು ಪ್ಲಗ್ ಕಿತ್ತು, ಬಿಟ್ ತಣ್ಣಗಾಗಲು ಹತ್ತು ನಿಮಿಷ ಬಿಟ್ಟು, ಮರವನ್ನು ಕೈಯಲ್ಲಿ ಹಿಮ್ಮುಖವಾಗಿ ತಿರುಗಿಸುತ್ತ ಚಕ್ಕನ್ನು ಎಳೆದರೆ ಬರುತ್ತದೆ.